ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಅಂಗಳ: ಸೇರಿಸುವ ಮುನ್ನ ಏನು ನೋಡಬೇಕು?

ಕಳೆದ ಬೇಸಿಗೆಯ ರಜೆಯಲ್ಲಿ ಒಂದು ಜುಮಾ. ಲೋಕಾಪುರದಲ್ಲಿ ನಮಾಜ್ ಮುಗಿಸಿ ಹೊರಬಂದು ಚಪ್ಪಲಿ ಹುಡುಕುತ್ತಿದ್ದೆವು. ಅಂದಿನ ಖುತ್ಬಾದಲ್ಲಿ ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್ ಎಂಬ ಮಾತು ಬಂದಿತ್ತು. ಅದೇ ಗುಂಗಿನಲ್ಲಿದ್ದ ಒಬ್ಬ ತಂದೆ ನಮ್ಮನ್ನು ತಡೆದು ನಿಲ್ಲಿಸಿದರು. ಗ್ಯಾರೇಜಿನಲ್ಲಿ ದುಡಿಯುವವರು.

“ಮಗಳು ಉರ್ದು ಸಾಲ್ಯಾಗ ಏಳನೇ ಕ್ಲಾಸ್ ಮುಗಿಸ್ಯಾಳ್ರಿ. ಮುಂದ ಆ ದೊಡ್ಡ ಸಾಲಿಗೆ ಹಾಕಬೇಕೋ, ಮನ್ಯಾಗ ಕೂಡಿಸ್ಬೇಕೋ ತಿಳೀವಲ್ದು. ಅಲ್ಲಿ ಎಲ್ಲಾ ಜಾತಿ ಮಕ್ಕಳು, ಸಾವಿರಗಟ್ಟಲೆ ಹುಡುಗ್ರು. ನಮ್ಮ ಹುಡುಗಿ ಅದರಾಗ ಎಲ್ಲಿ ಕಾಣ್ತಾಳ್ರಿ?”

ಈ ಪ್ರಶ್ನೆ ಅವರೊಬ್ಬರದಲ್ಲ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಎಷ್ಟೋ ಮನೆಗಳಲ್ಲಿ ಪ್ರತಿ ಮೇ ತಿಂಗಳಲ್ಲಿ ಇದೇ ಮಾತು ನಡೆಯುತ್ತದೆ. ಉತ್ತರ ಮಾತ್ರ ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಆಗಿರುತ್ತದೆ. ಆದ್ದರಿಂದ ಒಂದು ದೊಡ್ಡ ಸರ್ಕಾರಿ ಶಾಲೆಯನ್ನು ತಂದೆ-ತಾಯಿ ತಾವೇ ಹೋಗಿ, ನೋಡಿ, ಕೇಳಿ ಅಳೆಯುವುದು ಹೇಗೆ ಎಂಬುದನ್ನು ಈ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಯಾವುದು ಈ ದೊಡ್ಡ ಶಾಲೆ?

ನಾವು ಹೇಳುತ್ತಿರುವುದು ಕರ್ನಾಟಕ ಪಬ್ಲಿಕ್ ಶಾಲೆಗಳ ಬಗ್ಗೆ. ಜನ ಚಿಕ್ಕದಾಗಿ ‘ಕೆಪಿಎಸ್’ ಎನ್ನುತ್ತಾರೆ. 2018-19ರಲ್ಲಿ ರಾಜ್ಯ ಸರ್ಕಾರ ಮೊದಲ ಹಂತದಲ್ಲಿ 176 ಕೆಪಿಎಸ್‌ಗಳನ್ನು ಆರಂಭಿಸಿತು. ಮರುವರ್ಷ ಇನ್ನೂ 100 ಸೇರಿ 276 ಆದವು. ಆಮೇಲೂ ಸಂಖ್ಯೆ ಬೆಳೆದಿದೆ. 2025-26ರ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಮತ್ತೆ 500 ಶಾಲೆಗಳನ್ನು ಮಾಡುವುದಾಗಿ ಸರ್ಕಾರ ಘೋಷಿಸಿತು. ಅಂದರೆ ಇಂದು ನಿಮ್ಮ ಹೋಬಳಿಯಲ್ಲಿ ಇಲ್ಲದಿದ್ದರೆ ನಾಳೆ ಬರಬಹುದು.

ಇವುಗಳಲ್ಲಿ ಹೆಚ್ಚಿನವು ಹೊಸದಾಗಿ ಕಟ್ಟಿದ ಶಾಲೆಗಳಲ್ಲ. ಒಂದೇ ಊರಲ್ಲಿ, ಬಹಳ ಕಡೆ ಒಂದೇ ಕಾಂಪೌಂಡಿನಲ್ಲಿ ಇದ್ದ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳನ್ನು ಒಂದು ಹೆಸರಿನಡಿ ಕೂಡಿಸಿ, ಕೆಳಗೆ ಎಲ್‌ಕೆಜಿ-ಯುಕೆಜಿ ಸೇರಿಸಿದ ಶಾಲೆಗಳು. ಸಾಮಾನ್ಯವಾಗಿ ಪಿಯು ವಿಭಾಗದ ಪ್ರಾಂಶುಪಾಲರು ಇಡೀ ಶಾಲೆಯ ಮುಖ್ಯಸ್ಥರು. ಪ್ರೌಢಶಾಲೆಗೆ ಉಪಪ್ರಾಂಶುಪಾಲರು, ಪ್ರಾಥಮಿಕಕ್ಕೆ ಮುಖ್ಯ ಗುರುಗಳು ಇರುತ್ತಾರೆ. ಇದನ್ನು ಮೊದಲೇ ತಿಳಿದಿರಬೇಕು. ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಎಂಬುದು ಗೊತ್ತಿಲ್ಲದೆ ಎಷ್ಟೋ ಪೋಷಕರು ಗೇಟಿನಲ್ಲಿ ಸಿಕ್ಕ ಯಾರನ್ನೋ ಕೇಳಿ ಹಿಂದಿರುಗುತ್ತಾರೆ.

ಬಣ್ಣ ನೋಡಬೇಡಿ, ತಲೆ ಎಣಿಸಿ

ನಾವೇ ಒಮ್ಮೆ ಮೋಸಹೋದದ್ದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಗೆ ಹೋಗಿದ್ದೆವು. ಗೋಡೆಯ ಮೇಲೆ ರೈಲಿನ ಚಿತ್ರ, ಎಲ್‌ಕೆಜಿ ಕೋಣೆಯಲ್ಲಿ ಬಣ್ಣದ ಕುರ್ಚಿ, ಅಂಗಳದಲ್ಲಿ ಜಾರುಬಂಡಿ. ನೋಡಿ ಖುಷಿಪಟ್ಟು ನಾಲ್ಕಾರು ಮನೆಯವರಿಗೆ “ಅಲ್ಲೇ ಹಾಕಿ” ಎಂದೆವು. ಆ ಮಕ್ಕಳಲ್ಲಿ ಇಬ್ಬರು ಹುಡುಗಿಯರು ಎಂಟನೇ ತರಗತಿಗೆ ಹೋಗಲೇ ಇಲ್ಲ. ಅವರ ಓದು ನಿಂತದ್ದು ನಮಗೆ ಗೊತ್ತಾಗುವ ಹೊತ್ತಿಗೆ ಒಬ್ಬಳ ನಿಶ್ಚಿತಾರ್ಥವೂ ಆಗಿತ್ತು. ನಾವು ನೋಡಿದ್ದು ಶಾಲೆಯ ಬಾಗಿಲನ್ನು ಮಾತ್ರ. ಒಳಗೆ ಹೋದ ಮಗು ಇನ್ನೊಂದು ತುದಿಯಿಂದ ಹೊರಗೆ ಬರುತ್ತದೆಯೋ ಎಂದು ಕೇಳಿರಲಿಲ್ಲ.

ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಓದಿಸುವುದರ ನಿಜವಾದ ಲಾಭ ಇರುವುದು ಇಲ್ಲಿಯೇ. ನಮ್ಮ ರಾಜ್ಯದಲ್ಲಿ ಹೆಚ್ಚಿನ ಹಿರಿಯ ಪ್ರಾಥಮಿಕ ಶಾಲೆಗಳು ಏಳನೇ ತರಗತಿಗೆ ಮುಗಿಯುತ್ತವೆ. ಎಂಟಕ್ಕೆ ಹೊಸ ಶಾಲೆ, ಹತ್ತರ ನಂತರ ಮತ್ತೆ ಹೊಸ ಕಾಲೇಜು. ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಎಂಟನೇ ತರಗತಿಯವರೆಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಕೊಡುತ್ತದೆ. ಆದರೆ ಆ ಹಕ್ಕಿನ ಕೊನೆಯ ವರ್ಷ ಎಷ್ಟೋ ಮಕ್ಕಳಿಗೆ ಬೇರೊಂದು ಶಾಲೆಯಲ್ಲಿ ಬೀಳುತ್ತದೆ. ಟಿಸಿ ತೆಗೆಯಬೇಕು, ಹೊಸ ಅರ್ಜಿ ಹಾಕಬೇಕು, ಕೆಲವೊಮ್ಮೆ ಊರು ದಾಟಬೇಕು. ಈ ಸಂದಿನಲ್ಲೇ ಮಕ್ಕಳು ಜಾರಿಹೋಗುತ್ತಾರೆ. ಅದರಲ್ಲೂ ಹೆಣ್ಣುಮಕ್ಕಳು.

ನಮ್ಮ ಸಮುದಾಯಕ್ಕೆ ಇದು ಹೊಸ ಸುದ್ದಿಯಲ್ಲ. 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಗೆ ಹೋಗಿಯೇ ಇಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತ್ತು. ಮದರಸಾಗಳಲ್ಲಿ ಪೂರ್ಣಾವಧಿ ಓದುವ ಮಕ್ಕಳು ಶೇ 4ರ ಆಸುಪಾಸು ಮಾತ್ರ ಎಂದೂ ಅದೇ ವರದಿ ತೋರಿಸಿತು. ಹಾಗಾಗಿ ನಮ್ಮ ಬಹುಪಾಲು ಮಕ್ಕಳ ಭವಿಷ್ಯ ಊರಿನ ಸಾಮಾನ್ಯ ಶಾಲೆಗಳಲ್ಲಿಯೇ ತೀರ್ಮಾನವಾಗುತ್ತದೆ.

ಆದ್ದರಿಂದ ಶಾಲೆಗೆ ಹೋದಾಗ ಮೊದಲು ಕೇಳಬೇಕಾದದ್ದು ಒಂದೇ: ತರಗತಿವಾರು ದಾಖಲಾತಿ, ಗಂಡು-ಹೆಣ್ಣು ಬೇರೆ ಬೇರೆಯಾಗಿ. ಇದು ಗುಟ್ಟಿನ ಲೆಕ್ಕವಲ್ಲ. ಸರ್ಕಾರದ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಪ್ರತಿ ಶಾಲೆಯ ವಿವರ ಸಿಗುತ್ತದೆ. ಪ್ರತಿ ಶಾಲೆಗೂ 11 ಅಂಕಿಗಳ ಒಂದು ಸಂಖ್ಯೆ ಇದೆ, ನಮ್ಮ ರಾಜ್ಯದ ಸಂಖ್ಯೆಗಳೆಲ್ಲ 29ರಿಂದ ಶುರುವಾಗುತ್ತವೆ. ಮೊಬೈಲ್ ಬಳಸುವ ಮಗನೋ ಮಗಳೋ ಹತ್ತು ನಿಮಿಷದಲ್ಲಿ ತೆಗೆದುಕೊಡಬಲ್ಲರು.

ಆ ಲೆಕ್ಕವನ್ನು ಓದುವುದು ಹೇಗೆ? ಉದಾಹರಣೆಗೆ, ಒಂದು ಶಾಲೆಯಲ್ಲಿ ಹಿಂದಿನ ವರ್ಷ ಏಳನೇ ತರಗತಿಯಲ್ಲಿ 40 ಹುಡುಗಿಯರಿದ್ದರು ಎಂದುಕೊಳ್ಳಿ. ಈ ವರ್ಷ ಎಂಟರಲ್ಲಿ 60 ಇದ್ದಾರೆ. ಸಂಖ್ಯೆ ಏರಿತಲ್ಲ ಎಂದು ಸಂತೋಷಪಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿ: “ನಿಮ್ಮದೇ ಏಳನೆಯ ಆ 40 ಹುಡುಗಿಯರಲ್ಲಿ ಎಷ್ಟು ಮಂದಿ ಈಗ ಎಂಟರಲ್ಲಿದ್ದಾರೆ?” ಸುತ್ತಲ ಹಳ್ಳಿಗಳಿಂದ 35 ಮಂದಿ ಹೊಸದಾಗಿ ಬಂದು, ಶಾಲೆಯದೇ 15 ಮಂದಿ ಬಿಟ್ಟುಹೋಗಿದ್ದರೂ ಲೆಕ್ಕ 60 ಎಂದೇ ತೋರಿಸುತ್ತದೆ. ಹೊರಗಿನಿಂದ ಬಂದ ನೀರು ಒಳಗಿನ ಸೋರಿಕೆಯನ್ನು ಮುಚ್ಚುತ್ತದೆ. ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಇರುವುದರಿಂದ ಯಾವ ಮಗು ಎಲ್ಲಿ ಹೋಯಿತು ಎಂಬುದನ್ನು ಶಾಲೆ ಹೇಳಬಲ್ಲದು. ಹೇಳಲು ಮನಸ್ಸಿರುವ ಶಾಲೆಯೇ ಒಳ್ಳೆಯ ಶಾಲೆ ಎನ್ನಲು ಮೊದಲ ಗುರುತು.

ಇದೇ ಪ್ರಶ್ನೆಯನ್ನು ಹತ್ತರಿಂದ ಪ್ರಥಮ ಪಿಯುಸಿಗೂ ಕೇಳಿ. ಒಂದೇ ಅಂಗಳದಲ್ಲಿ ಪಿಯು ಇದ್ದೂ ಅಲ್ಲಿಯ ಹತ್ತನೇ ತರಗತಿಯ ಮಕ್ಕಳು ಬೇರೆಡೆಗೆ ಹೋಗುತ್ತಿದ್ದರೆ ಏನೋ ಕಾರಣ ಇರಲೇಬೇಕು. ಬಹಳ ಸಲ ಆ ಕಾರಣ ಸರಳ: ಪಿಯುನಲ್ಲಿ ಕಲಾ ವಿಭಾಗ ಮಾತ್ರ ಇರುತ್ತದೆ, ವಿಜ್ಞಾನ ಇರುವುದಿಲ್ಲ. ಅಥವಾ ವಿಜ್ಞಾನ ಇದ್ದೂ ಭೌತಶಾಸ್ತ್ರದ ಉಪನ್ಯಾಸಕರು ಇರುವುದಿಲ್ಲ. ಮಗುವಿಗೆ ಈಗ ನಾಲ್ಕು ವರ್ಷವಿದ್ದರೂ ಈ ಪ್ರಶ್ನೆ ಕೇಳಿಡುವುದು ಒಳ್ಳೆಯದು. “ಹನ್ನೆರಡನೆಯವರೆಗೆ ಇದೆ” ಎಂಬ ಫಲಕದ ಮಾತು ನಿಮ್ಮ ಮಗುವಿನ ಪಾಲಿಗೆ ನಿಜವೋ ಅಲ್ಲವೋ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಮಾತು. ಶಾಲೆಗೆ ಹೋಗುವುದಾದರೆ ಜೂನ್ ಮೊದಲ ವಾರದಲ್ಲಿ ಮಾತ್ರ ಹೋಗಬೇಡಿ. ನಮ್ಮದು ಕಬ್ಬಿನ ಸೀಮೆ. ಹಂಗಾಮು ಶುರುವಾದ ಮೇಲೆ ದುಡಿಯುವ ಮನೆಗಳ ಮಕ್ಕಳ ಹಾಜರಿ ಇಳಿಯುತ್ತದೆ. ಡಿಸೆಂಬರ್‌ನ ಒಂದು ಸೋಮವಾರ ಹೋಗಿ ಎಂಟನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿ. ಹಾಜರಿ ಪುಸ್ತಕದ ಹೆಸರುಗಳಿಗೂ ಬೆಂಚಿನ ಮೇಲಿನ ತಲೆಗಳಿಗೂ ಹೊಂದಿಕೆ ಇದೆಯೇ? ಬಾರದ ಮಗುವಿನ ಮನೆಗೆ ಯಾರಾದರೂ ಹೋಗುತ್ತಾರೆಯೇ?

ಉರ್ದು, ಕನ್ನಡ, ಇಂಗ್ಲಿಷ್: ಯಾವ ಮಾಧ್ಯಮ?

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಜಗಳ ಆಗುವುದು ಇದರ ಮೇಲೆಯೇ. ಅಜ್ಜಿಗೆ ಉರ್ದು ಬೇಕು, ಅಪ್ಪನಿಗೆ ಇಂಗ್ಲಿಷ್ ಬೇಕು, ಮಗು ಆಟವಾಡುವುದು ಕನ್ನಡದಲ್ಲಿ.

ಕೆಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಮಾಧ್ಯಮದ ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇರುತ್ತದೆ. ಕೆಳ ತರಗತಿಗಳಲ್ಲಿ ಗಣಿತ, ಪರಿಸರ ಅಧ್ಯಯನಕ್ಕೆ ಕನ್ನಡ-ಇಂಗ್ಲಿಷ್ ಎರಡೂ ಇರುವ ದ್ವಿಭಾಷಾ ಪಠ್ಯಪುಸ್ತಕ ಕೊಡುತ್ತಾರೆ. ‘ಇಂಗ್ಲಿಷ್ ಮೀಡಿಯಂ’ ಎಂಬ ಫಲಕ ನೋಡಿ ತೃಪ್ತರಾಗಬೇಡಿ. ಆ ವಿಭಾಗಕ್ಕೆ ಪಾಠ ಮಾಡುವವರು ಯಾರು, ಅವರೇ ಕನ್ನಡ ವಿಭಾಗಕ್ಕೂ ಓಡಾಡುತ್ತಾರೆಯೇ, ಮುಂದಿನ ತರಗತಿಗಳಲ್ಲಿ ಆ ವಿಭಾಗ ಮುಂದುವರಿಯುತ್ತದೆಯೇ ಕೇಳಿ. ಐದನೇ ತರಗತಿಗೆ ಬಂದ ಮೇಲೆ ವಿಭಾಗವೇ ಇಲ್ಲ ಎಂದರೆ ಮಗು ಎರಡೂ ಭಾಷೆಯ ನಡುವೆ ತೂಗಾಡಬೇಕಾಗುತ್ತದೆ.

ಕನ್ನಡ ಮಾಧ್ಯಮವನ್ನು ಕಡೆಗಣಿಸುವ ಮುನ್ನ ಒಂದು ವಿಷಯ ಯೋಚಿಸಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವೃತ್ತಿಶಿಕ್ಷಣದ ಸಿಇಟಿ ಸೀಟುಗಳಲ್ಲಿಯೂ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿಯೂ ಶೇ 5ರ ಮೀಸಲಾತಿ ಇದೆ. ಹತ್ತು ವರ್ಷ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಬೇರೆ ಇದೆ. ಶಾಲೆ ಇರುವ ಜಾಗ ಗ್ರಾಮ ಪಂಚಾಯಿತಿಗೆ ಸೇರಿದೆಯೋ ಪಟ್ಟಣಕ್ಕೆ ಸೇರಿದೆಯೋ ಎಂಬುದರ ಮೇಲೆ ಅದು ನಿಲ್ಲುತ್ತದೆ. ಇಂಗ್ಲಿಷ್ ವಿಭಾಗಕ್ಕೆ ಹೋದ ಮಗುವಿಗೆ ಕನ್ನಡ ಮಾಧ್ಯಮದ ಲಾಭ ಇರುವುದಿಲ್ಲ. ಇದರಿಂದ ಇಂಗ್ಲಿಷ್ ಬೇಡವೆಂದಲ್ಲ. ಏನನ್ನು ಬಿಟ್ಟು ಏನನ್ನು ಪಡೆಯುತ್ತಿದ್ದೇವೆ ಎಂಬುದು ಮೊದಲೇ ತಿಳಿದಿರಲಿ ಎಂದಷ್ಟೇ.

ಉರ್ದು ಶಾಲೆಯಿಂದ ಎಂಟಕ್ಕೆ ಬರುವ ಮಗುವಿನದು ಬೇರೆ ಕಥೆ. ಅದು ಗಣಿತ, ವಿಜ್ಞಾನವನ್ನು ಏಳು ವರ್ಷ ಉರ್ದುವಿನಲ್ಲಿ ಕಲಿತಿದೆ. ‘ಮುಸಲ್ಲಸ್’ ಎಂದು ಓದಿದ್ದನ್ನು ಈಗ ‘ತ್ರಿಭುಜ’ ಎಂದು ಗುರುತಿಸಬೇಕು. ಬುದ್ಧಿ ಕಡಿಮೆಯಲ್ಲ, ಪದ ಹೊಸದು. ಇದನ್ನು ತಿಳಿದ ಗುರುಗಳು ಮೊದಲ ಎರಡು-ಮೂರು ತಿಂಗಳು ತಾಳ್ಮೆ ತೋರಿಸುತ್ತಾರೆ. ತಿಳಿಯದವರು “ಉರ್ದು ಸಾಲಿ ಮಕ್ಕಳು ದಡ್ಡರು” ಎಂದುಬಿಡುತ್ತಾರೆ. ಆದ್ದರಿಂದ ನೇರವಾಗಿ ಕೇಳಿ: “ಉರ್ದು ಮಾಧ್ಯಮದಿಂದ ಬಂದವರಿಗೆ ಎಂಟರಲ್ಲಿ ಏನು ಸಹಾಯ ಮಾಡುತ್ತೀರಿ? ಹೋದ ವರ್ಷ ಬಂದವರು ಈಗ ಹೇಗಿದ್ದಾರೆ?”

ಭಾಷಾ ವಿಷಯವನ್ನೂ ವಿಚಾರಿಸಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಎಂಬುದು ನಾವು ವರ್ಷಗಳಿಂದ ಕಂಡ ಲೆಕ್ಕ. ಪ್ರಥಮ ಭಾಷೆಯಾಗಿ ಉರ್ದುವಿಗೂ ಮಂಡಳಿಯಲ್ಲಿ ಅವಕಾಶವಿದೆ. ಆದರೆ ಆ ಶಾಲೆಯಲ್ಲಿ ಉರ್ದು ಶಿಕ್ಷಕರಿದ್ದರೆ ಮಾತ್ರ ಅದು ಕೈಗೆಟುಕುತ್ತದೆ. ಇಲ್ಲದಿದ್ದರೆ ಮಗು ಕನ್ನಡವನ್ನು ಪ್ರಥಮ ಭಾಷೆಯಾಗಿ ಬರೆಯಬೇಕು. ಅದಕ್ಕೆ ಐದನೇ ತರಗತಿಯಿಂದಲೇ ಮನೆಯಲ್ಲಿ ಕನ್ನಡ ಪತ್ರಿಕೆ ಓದಿಸುವುದು, ಶುದ್ಧಬರಹ ಮಾಡಿಸುವುದು ನಮ್ಮ ಕೆಲಸ. ಉರ್ದುವನ್ನು ಮಕ್ತಬ್‌ನಲ್ಲಿ, ಮನೆಯಲ್ಲಿ ಉಳಿಸಿಕೊಳ್ಳಬಹುದು. ಶಾಲೆ ಬದಲಾಯಿತೆಂದು ಭಾಷೆ ಬಿಡಬೇಕಾಗಿಲ್ಲ.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಎಲ್ಲರೂ ದೊಡ್ಡ ಶಾಲೆಗೆ ಹೊರಟರೆ ಓಣಿಯ ಸಣ್ಣ ಉರ್ದು ಶಾಲೆ ಬರಿದಾಗುತ್ತದೆ. ದೂರ ಹೋಗಲಾಗದ ಬಡ ಮಗುವಿಗೆ ಅದೇ ಆಸರೆ. ಆದ್ದರಿಂದ ಕೆಳ ತರಗತಿಗಳಲ್ಲಿ ಓಣಿಯ ಶಾಲೆ ಚೆನ್ನಾಗಿ ನಡೆಯುತ್ತಿದ್ದರೆ ಅವಸರ ಮಾಡಬೇಡಿ. ದೊಡ್ಡ ಶಾಲೆಯ ಬಲ ಹೆಚ್ಚಾಗಿ ಬೇಕಾಗುವುದು ಏಳರ ನಂತರ.

ಗುರುಗಳು, ಶೌಚಾಲಯ, ನೀರು

ಶಾಲೆ ದೊಡ್ಡದಾದಷ್ಟೂ ಈ ಮೂರರ ಕೊರತೆ ಬೇಗ ಕಾಣುತ್ತದೆ. ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು ಇರಬೇಕು. ಇಡೀ ಶಾಲೆಯ ಸರಾಸರಿ ಹೇಳಿದರೆ ಒಪ್ಪಬೇಡಿ, ನಿಮ್ಮ ಮಗು ಕೂರುವ ಕೋಣೆಯ ಲೆಕ್ಕ ಕೇಳಿ. ಗಣಿತ, ವಿಜ್ಞಾನ, ಇಂಗ್ಲಿಷ್‌ಗೆ ಕಾಯಂ ಶಿಕ್ಷಕರಿದ್ದಾರೆಯೇ, ಅತಿಥಿ ಶಿಕ್ಷಕರೇ ಎಂಬುದನ್ನೂ ಕೇಳಿ. ಅತಿಥಿ ಶಿಕ್ಷಕರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ಅವರ ನೇಮಕ ಆಯಾ ವರ್ಷಕ್ಕೆ ಮಾತ್ರ, ಶಾಲೆ ಶುರುವಾದ ಮೇಲೆ ಬರುವುದು ತಡವಾದರೆ ಅಷ್ಟು ದಿನದ ಪಾಠ ಹೋಯಿತು.

ಹೆಣ್ಣುಮಕ್ಕಳ ಶೌಚಾಲಯವನ್ನು ತಾಯಂದಿರೇ ಹೋಗಿ ನೋಡಬೇಕು. ಬಾಗಿಲಿಗೆ ಚಿಲಕವಿದೆಯೇ, ನೀರಿದೆಯೇ, ಬೀಗ ಹಾಕಿ ಕೀಲಿ ಆಫೀಸಿನಲ್ಲಿ ಇಟ್ಟಿದ್ದಾರೆಯೇ? ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪಿಸುವ ಹುಡುಗಿ ತಿಂಗಳಿಗೆ ಮೂರ್ನಾಲ್ಕು ದಿನ ಕಳೆದುಕೊಳ್ಳುತ್ತಾಳೆ, ಆಮೇಲೆ ಲೆಕ್ಕ ಬಿಡುತ್ತಾಳೆ, ಆಮೇಲೆ ಶಾಲೆಯನ್ನೇ ಬಿಡುತ್ತಾಳೆ. ಕಾರಣ ಕೇಳಿದರೆ “ಓದು ತಲೆಗೆ ಹತ್ತಲಿಲ್ಲ” ಎನ್ನುತ್ತೇವೆ.

ನಾಲ್ಕು ವರ್ಷದ ಮಗು ಮತ್ತು ಹದಿನೇಳರ ಹುಡುಗ ಒಂದೇ ಗೇಟಿನಿಂದ ಬರುವ ಶಾಲೆ ಇದು. ಸಣ್ಣವರ ಬಿಡುವು, ಊಟ, ಮನೆಗೆ ಬಿಡುವ ಸಮಯ ದೊಡ್ಡವರಿಗಿಂತ ಬೇರೆ ಇದೆಯೇ? ದೊಡ್ಡ ಮಕ್ಕಳು ಸಣ್ಣವರನ್ನು ಪೀಡಿಸಿದರೆ ಯಾರಿಗೆ ಹೇಳಬೇಕು ಎಂಬುದು ಮಗುವಿಗೆ ಗೊತ್ತಿದೆಯೇ? ಹೊಡೆಯುವುದು ಕಾಯ್ದೆಯ 17ನೇ ಕಲಮಿನ ಪ್ರಕಾರ ನಿಷಿದ್ಧ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗುವಿಗೂ ಕಲಿಸಿರಿ.

ಎಲ್ಲರೊಳಗೆ ನಮ್ಮವರು

“ಅಲ್ಲಿ ಎಲ್ಲಾ ಜಾತಿ ಮಕ್ಕಳು” ಎಂದು ಆ ತಂದೆ ಅಂಜಿಕೆಯಿಂದ ಹೇಳಿದ್ದರು. ನಾವು ಅದನ್ನು ಅಂಜಿಕೆಯಾಗಿ ನೋಡುವುದಿಲ್ಲ. ರೈತರ ಮಕ್ಕಳು, ನೇಕಾರರ ಮಕ್ಕಳು, ಮುದ್ದಾಪುರದ ಸಿಮೆಂಟ್ ಕಾರ್ಖಾನೆಗೆ ದುಡಿಯಲು ಬಂದವರ ಮಕ್ಕಳು, ಸಂತೆಯಲ್ಲಿ ಬಟ್ಟೆ ಮಾರುವವರ ಮಕ್ಕಳು, ಎಲ್ಲರೂ ನಾಳೆ ಇದೇ ಊರಿನಲ್ಲಿ ಕೂಡಿ ಬದುಕಬೇಕಾದವರು. ಒಂದೇ ಬೆಂಚಿನಲ್ಲಿ ಕೂತು ಬೆಳೆದವರಿಗೆ ನಾಳೆ ಒಬ್ಬರ ಮೇಲೊಬ್ಬರ ಗುಮಾನಿ ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ.

ಆದರೆ ಎಲ್ಲರೂ ಇದ್ದಾರೆ ಎನ್ನುವುದು ಒಂದು, ಎಲ್ಲರೂ ಕೂಡಿ ಇದ್ದಾರೆ ಎನ್ನುವುದು ಇನ್ನೊಂದು. ವ್ಯತ್ಯಾಸ ತಿಳಿಯಲು ಬಿಸಿಯೂಟದ ಹೊತ್ತಿಗೆ ಹೋಗಿ. ಒಂದರಿಂದ ಹತ್ತನೇ ತರಗತಿಯವರೆಗೆ ಅಕ್ಷರ ದಾಸೋಹದ ಊಟವಿದೆ, ಹಾಲಿದೆ, ಮೊಟ್ಟೆ ಅಥವಾ ಬಾಳೆಹಣ್ಣಿದೆ. ಮಕ್ಕಳು ಸಾಲಿನಲ್ಲಿ ಹೇಗೆ ಕೂರುತ್ತಾರೆ? ಓಣಿವಾರು ಗುಂಪಾಗಿಯೋ, ಬೆರೆತೋ? ತರಗತಿಯಲ್ಲಿ ನಮ್ಮ ಮಕ್ಕಳು ಹಿಂದಿನ ಎರಡು ಬೆಂಚಿನಲ್ಲಿ ಮಾತ್ರ ಇದ್ದಾರೆಯೇ? ಗುರುಗಳು ಅವರ ಹೆಸರನ್ನು ಸರಿಯಾಗಿ ಕರೆಯುತ್ತಾರೆಯೇ? ಸ್ನೇಹ ಸಮ್ಮೇಳನದ ನಾಟಕದಲ್ಲಿ, ಖೋ-ಖೋ ತಂಡದಲ್ಲಿ, ಶಾಲಾ ಸಂಸತ್ತಿನಲ್ಲಿ ಅವರ ಹೆಸರಿದೆಯೇ? ಈಗಾಗಲೇ ಅಲ್ಲಿ ಓದುವ ಮೂವರು ಮಕ್ಕಳನ್ನು ಕೇಳಿ. ಅವರಲ್ಲಿ ಒಬ್ಬರಾದರೂ ಬೇರೆ ಸಮಾಜದವರಾಗಿರಲಿ. ಮಕ್ಕಳು ಸುಳ್ಳು ಹೇಳುವುದಿಲ್ಲ.

ದೊಡ್ಡ ಹುಡುಗರ ಜುಮಾ ನಮಾಜಿನ ಬಗ್ಗೆಯೂ ಪ್ರಾಂಶುಪಾಲರ ಬಳಿ ವಿನಯದಿಂದ ಮಾತಾಡಬಹುದು. ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಸಮಯಕ್ಕೆ ಸರಿಯಾಗಿ ಮರಳುವ ಹುಡುಗನಿಗೆ ಯಾರೂ ಅಡ್ಡಿ ಮಾಡುವುದು ವಿರಳ. ನಮಾಜಿನ ಹೆಸರಲ್ಲಿ ಬಜಾರ್ ಸುತ್ತಿ ಎರಡು ಪೀರಿಯಡ್ ತಪ್ಪಿಸುವವನಿಂದಲೇ ಉಳಿದವರಿಗೂ ಬಾಗಿಲು ಮುಚ್ಚುವುದು.

ಹೆಣ್ಣುಮಕ್ಕಳ ಉಡುಪಿನ ಪ್ರಶ್ನೆ

ಈ ಮಾತನ್ನು ಬಿಟ್ಟು ಹೋದರೆ ಲೇಖನ ಅರ್ಧವಾಗುತ್ತದೆ. 2022ರ ಫೆಬ್ರುವರಿ 5ರಂದು ರಾಜ್ಯ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟದ್ದರಿಂದ ವಿಷಯ ದೊಡ್ಡ ಪೀಠಕ್ಕೆ ಹೋಗಬೇಕಾಯಿತು. ಆ ದಿನಗಳಲ್ಲಿ ಓದು ಬಿಟ್ಟ ಹುಡುಗಿಯರ ನೋವನ್ನು ನಾವು ಮರೆತಿಲ್ಲ.

ತಂದೆ-ತಾಯಂದಿರಿಗೆ ನಮ್ಮ ಸಲಹೆ ಇಷ್ಟೇ. ಈ ವಿಷಯವನ್ನು ಜೂನ್ ತಿಂಗಳ ಮೊದಲ ದಿನ ಗೇಟಿನಲ್ಲಿ ಮಗಳೊಬ್ಬಳ ತಲೆಯ ಮೇಲೆ ಬಿಡಬೇಡಿ. ದಾಖಲಾತಿಗೆ ಮೊದಲೇ ತಾಯಿ-ತಂದೆ ಇಬ್ಬರೂ ಹೋಗಿ, ಪ್ರೌಢಶಾಲೆಯಲ್ಲಿ ಏನು ನಿಯಮ, ಪಿಯುನಲ್ಲಿ ಏನು ನಿಯಮ, ಕಾಂಪೌಂಡಿನೊಳಗೆ ಏನು, ತರಗತಿಯೊಳಗೆ ಏನು ಎಂದು ಪ್ರಾಂಶುಪಾಲರಿಂದಲೇ ಕೇಳಿ. ಬದಲಿಸಿಕೊಳ್ಳಲು ಹುಡುಗಿಯರಿಗೆ ಕೋಣೆ ಇದೆಯೇ ಕೇಳಿ. ಉತ್ತರ ಏನೇ ಬಂದರೂ ಮನೆಯಲ್ಲಿ ಮಗಳನ್ನು ಕೂಡಿಸಿಕೊಂಡು ಮಾತಾಡಿ. ಒಪ್ಪಿಗೆಯಾಗದಿದ್ದರೆ ಬೇರೆ ಶಾಲೆ ಹುಡುಕಲು ಸಮಯವಿರುತ್ತದೆ. ಓದು ನಿಲ್ಲಿಸುವುದು ಮಾತ್ರ ಉತ್ತರವಾಗಬಾರದು. ರಾಜ್ಯದಲ್ಲಿ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಗಿರುವುದರಿಂದ ಮುಧೋಳಕ್ಕೋ ಬಾಗಲಕೋಟೆಗೋ ಹೋಗಿ ಬರುವ ದಾರಿಯೂ ಇದೆ.

ಫಲಿತಾಂಶ ಓದುವ ಬಗೆ

ಫ್ಲೆಕ್ಸ್ ಮೇಲೆ ಇಬ್ಬರು ಮಕ್ಕಳ ಭಾವಚಿತ್ರ, ಶೇ 95 ಅಂಕ. ಅದು ಆ ಇಬ್ಬರ ಶ್ರಮ. ನೀವು ಕೇಳಬೇಕಾದದ್ದು ಪರೀಕ್ಷೆಗೆ ಕೂತವರೆಷ್ಟು, ಪಾಸಾದವರೆಷ್ಟು, ಮೂರು ವರ್ಷದ್ದು. ಒಂದೇ ವರ್ಷದ ಲೆಕ್ಕ ಸಾಲದು ಎನ್ನಲು ಕಾರಣವಿದೆ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದಿತ್ತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ, ಅಳತೆಗೋಲು ಬಿಗಿಯಾಯಿತು. ಆ ಬಿಗಿಯಲ್ಲೂ ನೆಲೆ ನಿಂತ ಶಾಲೆಯೇ ನಂಬಿಗಸ್ಥ ಶಾಲೆ.

ಶೇ 100 ಫಲಿತಾಂಶ ಎನ್ನುವ ಶಾಲೆಗೂ ಅದೇ ಹಳೆಯ ಪ್ರಶ್ನೆ ಕೇಳಿ: ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು, ಹತ್ತರ ಪರೀಕ್ಷೆಗೆ ಎಷ್ಟು ಮಂದಿ ಕೂತರು? ನಡುವೆ ದುರ್ಬಲ ಮಕ್ಕಳು ಕಾಣೆಯಾಗಿದ್ದರೆ ಆ ನೂರು ನಮಗೆ ಬೇಡ.

ಕಾಗದಪತ್ರ, ಹಕ್ಕು

ಎಂಟನೇ ತರಗತಿಯವರೆಗೆ ಕಾಯ್ದೆ ನಿಮ್ಮ ಬೆನ್ನಿಗಿದೆ. ಮಗುವಿಗೋ ಪೋಷಕರಿಗೋ ಪರೀಕ್ಷೆ, ಸಂದರ್ಶನ ಮಾಡಿ ಆರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು, ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಕಲಿಕೆ ಕೊಡಬೇಕು. ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್ ಸರ್ಕಾರದಿಂದ ಬರುತ್ತವೆ. ಯಾವುದಾದರೂ ಹಣ ಕೇಳಿದರೆ ಯಾವ ಬಾಬ್ತಿಗೆ ಎಂದು ಕೇಳಿ ರಸೀದಿ ಪಡೆಯಿರಿ. ತಕರಾರು ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಇದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ನಮ್ಮಲ್ಲಿ ಪಿಂಜಾರ, ನದಾಫ್ ಮನೆತನದವರು ಪ್ರವರ್ಗ-1ರಲ್ಲಿ ಬರುತ್ತಾರೆ. ಅದು ತಿಳಿಯದೆ ಬರೀ ‘ಮುಸ್ಲಿಂ’ ಎಂದು ಬರೆಸಿ ಎಷ್ಟೋ ಮಕ್ಕಳು ಸವಲತ್ತು ಕಳೆದುಕೊಂಡಿದ್ದಾರೆ. ಶಾಲೆಯ ದಾಖಲೆಯಲ್ಲಿ, ಆಧಾರ್‌ನಲ್ಲಿ, ಜನನ ಪ್ರಮಾಣಪತ್ರದಲ್ಲಿ ಹೆಸರಿನ ಅಕ್ಷರ ಒಂದೇ ರೀತಿ ಇರಲಿ. ಒಂದು ಕಡೆ ‘ಶೇಖ್’, ಇನ್ನೊಂದು ಕಡೆ ‘ಶೇಕ್’ ಎಂದಿದ್ದರೆ ಹತ್ತನೇ ತರಗತಿಯಲ್ಲಿ ಅಲೆದಾಟ ತಪ್ಪಿದ್ದಲ್ಲ.

ಸೇರಿಸಿದ ಮೇಲೆ

ಶಾಲೆಯನ್ನು ಅಳೆಯುವುದು ದಾಖಲಾತಿಯ ದಿನಕ್ಕೆ ಮುಗಿಯುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ಎಷ್ಟು ತಾಯಂದಿರು ಆ ಸಭೆಗೆ ಹೋಗಿದ್ದಾರೆ? ಶೌಚಾಲಯದ ಚಿಲಕ, ಉರ್ದು ಶಿಕ್ಷಕರ ಬೇಡಿಕೆ, ಎಂಟಕ್ಕೆ ಬಾರದ ಹುಡುಗಿಯ ಮನೆಗೆ ಹೋಗುವುದು, ಇವೆಲ್ಲ ಅಲ್ಲಿ ಕೂತವರ ಬಾಯಿಂದ ಬರಬೇಕಾದ ಮಾತುಗಳು. ಹೊರಗೆ ನಿಂತು ದೂರುವ ಹತ್ತು ಮಂದಿಗಿಂತ ಒಳಗೆ ಕೂತು ಕೇಳುವ ಒಬ್ಬ ತಾಯಿಯಿಂದ ಹೆಚ್ಚು ಕೆಲಸವಾಗುತ್ತದೆ.

ಆ ತಂದೆಯ ವಿಷಯಕ್ಕೆ ಬರೋಣ. ಮರುವಾರ ಗಂಡ-ಹೆಂಡತಿ ಇಬ್ಬರೂ ಶಾಲೆಗೆ ಹೋದರು. ಏಳರಿಂದ ಎಂಟಕ್ಕೆ ಎಷ್ಟು ಹುಡುಗಿಯರು ಬಂದರು ಎಂದು ಕೇಳಿದಾಗ ಉಪಪ್ರಾಂಶುಪಾಲರು ದಾಖಲೆ ತೆಗೆದು, ಬಾರದ ಮೂವರ ಹೆಸರನ್ನೂ ಕಾರಣವನ್ನೂ ಹೇಳಿದರಂತೆ. “ಒಬ್ಬಾಕಿ ನಿಮ್ಮ ಓಣ್ಯಾಗಿನಾಕಿನ ಐದಾಳ್ರಿ, ನೀವರ ಕರ್ಕೊಂಡ ಬರ್ರಿ” ಎಂದೂ ಅಂದರಂತೆ. ಅಷ್ಟು ಸಾಕಾಯಿತು ಅವರಿಗೆ. ಮಗಳನ್ನು ಸೇರಿಸಿದರು. ಓಣಿಯ ಆ ಇನ್ನೊಬ್ಬ ಹುಡುಗಿಯ ಮನೆಗೂ ತಾಯಿ ಹೋಗಿ ಬಂದರು. ಈಗ ಇಬ್ಬರೂ ಒಟ್ಟಿಗೆ ನಡೆದುಹೋಗುತ್ತಾರೆ.

ಸಾವಿರ ಮಕ್ಕಳ ಅಂಗಳದಲ್ಲಿ ನಮ್ಮ ಹುಡುಗಿ ಎಲ್ಲಿ ಕಾಣುತ್ತಾಳೆ ಎಂದು ಅವರು ಕೇಳಿದ್ದರು. ಒಂದು ದಿನ ಬಾರದಿದ್ದರೆ ಅವಳಿಲ್ಲವೆಂದು ಗಮನಿಸುವವರು ಇರುವ ಶಾಲೆಯಲ್ಲಿ ಅವಳು ಕಾಣುತ್ತಾಳೆ. ಅಂಥ ಶಾಲೆ ಯಾವುದೆಂದು ಹುಡುಕಿ, ನಿಮ್ಮ ಅಮಾನತನ್ನು ಅಲ್ಲಿ ಒಪ್ಪಿಸಿ. ಒಪ್ಪಿಸಿದ ಮೇಲೂ ಬಿಡದೆ ವಿಚಾರಿಸುತ್ತಿರಿ. ಅಲ್ಲಾಹನು ನಮ್ಮ ಮಕ್ಕಳ ಓದಿನಲ್ಲಿ ಬರಕತ್ ಕೊಡಲಿ, ಆಮೀನ್.